ಕತ್ತರಿ ಹಿಡಿಯುವ ತನಕ

ಅಂಗಡಿ ಮೇಲಿನ ಕೋಣೆ
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ನಮ್ಮ ಮನೆಯವರಿಗೆ,

ಕೆಮ್ಮು ಹೇಗಿದೆ? ಆಸ್ಪತ್ರೆಯಲ್ಲಿ ಕಿಟಕಿ ಪಕ್ಕದ ಹಾಸಿಗೆ ಕೊಟ್ಟಿದ್ದಾರೆ ಎಂದು ಬರೆದಿದ್ದಿರಿ, ಗಾಳಿಗೆ ಎದೆ ಒಡ್ಡಿಕೊಂಡು ಮಲಗಬೇಡಿ. ಮಾತ್ರೆ ನುಂಗಿದ ಹಾಗೆ ಮಾಡಿ ದಿಂಬಿನಡಿ ಇಡುವ ನಿಮ್ಮ ಬುದ್ಧಿ ನನಗೆ ಗೊತ್ತು. ನನಗೇನೂ ಆಗಿಲ್ಲ, ನಿದ್ದೆ ಮಾತ್ರ ಹತ್ತಿರ ಸುಳಿಯುತ್ತಿಲ್ಲ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ಸರಿ ಮಾಡಿಕೊಂಡು ಓದಿ.

ಹೇಳಬೇಕಾದ್ದು ಹೊಲಿಗೆ ಕಲಿಯಲು ಬರುವ ಹುಡುಗಿ, ನಮ್ಮ ಕಡ್ಡಿಯ ವಿಷಯ. ನೀವು ಹೋದ ಮೇಲೆ ಕಾಜಾ, ಗುಂಡಿ ಅಷ್ಟೇ ಅಲ್ಲ, ಪ್ಯಾಂಟನ್ನೂ ಪೂರ್ತಿ ಅವಳೇ ಹೊಲಿಯುತ್ತಾಳೆ. ಬಟ್ಟೆ ಮಾತ್ರ ಪಕ್ಕದ ಬೀದಿಯ ಟೈಲರು ಬಂದು ಕತ್ತರಿಸಿಕೊಟ್ಟು ಹೋಗುತ್ತಾರೆ. ಕತ್ತರಿ ಹಿಡಿಯುವ ತನಕ ಕಲಿಯುವವರೇ, ಕಲಿಯುವವರಿಗೆ ಟೀ ಮತ್ತು ಬಸ್ ಚಾರ್ಜು ಅಷ್ಟೇ ಎಂದು ನೀವು ಕಟ್ಟಳೆ ಮಾಡಿದ್ದೀರಿ. ಕತ್ತರಿ ಹಿಡಿಸಬೇಕಾದ ನೀವು ಅಲ್ಲಿ ಮಲಗಿದ್ದೀರಿ, ಅವಳು ಇಲ್ಲಿ ಕಲಿಯುವವಳಾಗಿಯೇ ಉಳಿದಿದ್ದಾಳೆ. ಸೋಮವಾರ ಮಷಿನ್ ಮೇಲೆ ತಲೆಯಿಟ್ಟಿದ್ದಳು. 'ಏನೇ, ಹಾಸಿಗೆ ತಂದು ಕೊಡ್ಲಾ?' ಎಂದು ರೇಗಿದೆ. ನೋಡಿದರೆ ಜ್ಞಾನವೇ ಇಲ್ಲ! ನೀರು ಚಿಮುಕಿಸಿ ಎಬ್ಬಿಸಿ ಕೇಳಿದರೆ, ಊಟ ಒಂದೇ ಹೊತ್ತಂತೆ. 'ಸೊಂಟ ಸಣ್ಣಗಿದ್ರೆ ಬಟ್ಟೆ ಉಳಿಯುತ್ತಲ್ಲ ಅಕ್ಕಾ' ಎಂದು ನಗುತ್ತಾಳೆ. ಅವಳ ಕೋಣೆಯ ಬಾಡಿಗೆ ಬಾಕಿ ನಿಂತಿದೆ, ಮಾಲೀಕಳು ಬೀಗ ಹಾಕುತ್ತೇನೆ ಎಂದಿದ್ದಾಳಂತೆ.

ಬಾಡಿಗೆ ಕಟ್ಟಿ ಎರಡು ಹೊತ್ತು ಉಣ್ಣುವಷ್ಟಾದರೂ ಸಂಬಳ ಕೊಡೋಣವಾ? ಗಲ್ಲಾದ ಬೀಗದಕೈ ನನ್ನ ಹತ್ತಿರವೇ ಇದೆ, ನಿಮ್ಮ ಮಾತಿಲ್ಲದೆ ಕೈ ಹಾಕಲು ಧೈರ್ಯವಿಲ್ಲ. 'ನಮಗ್ಯಾರು ಕೊಟ್ಟಿದ್ರು?' ಎನ್ನುತ್ತೀರಿ. ನೀವು ಕಲಿಯುವಾಗ ನಿಮ್ಮಮ್ಮನ ಕೈಯಲ್ಲಿ ಉಂಡು ಕೆಲಸಕ್ಕೆ ಹೋಗುತ್ತಿದ್ದಿರಿ. ಅವಳಿಗೆ ಬಡಿಸುವವರು ಯಾರಿದ್ದಾರೆ? ಹೂಂ ಎಂದು ಒಂದು ಸಾಲು ಬರೆಯಿರಿ, ಸಾಕು.

ಹೊತ್ತಿಗೆ ಸರಿಯಾಗಿ ಉಣ್ಣಿ. ಡಾಕ್ಟರ ಹತ್ತಿರ ಜಗಳ ಬೇಡ.

ಸದಾ ನಿಮ್ಮದೇ ಯೋಚನೆಯಲ್ಲಿರುವ,
ಮನೆಯವಳು

ಇನ್ನೊಂದು ಮಾತು: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಕಡ್ಡಿ ಬಂದಳು. ನಾಳೆಯಿಂದ ಬಾಟಲಿ ತೊಳೆಯುವ ಕೆಲಸಕ್ಕಂತೆ, ಅಲ್ಲಿ ವಾರವಾರ ಕೂಲಿ. 'ನಮ್ಮನೆಯವರಿಗೆ ಬರ್ದಿದ್ದೀನಿ, ಉತ್ತರ ಬರ್ಲಿ ತಡಿಯೇ' ಎಂದೆ. 'ಎಷ್ಟು ದಿನ ಆಗುತ್ತೆ ಅಕ್ಕಾ?' ಎಂದಳು. ಹೊಲಿದು ಮುಗಿಯದ ಪ್ಯಾಂಟುಗಳನ್ನು ಮಡಿಸಿಟ್ಟು ಹೊರಟುಹೋದಳು. ಈ ಕಾಗದ ಹರಿದು ಬೇರೆ ಬರೆಯೋಣ ಅಂದುಕೊಂಡೆ. ಬೇಡ, ನೀವು ಓದಬೇಕು ಎಂದು ಹಾಗೇ ಕಳಿಸುತ್ತಿದ್ದೇನೆ.