ಹಾರದ ಮೊಳೆ

ರೀ,

ಅನ್ನ, ಸಾರು ಒಲೆ ಮೇಲಿದೆ. ಉಂಡ್ಮೇಲೆ ಅಂಗಳಕ್ಕೆ ಹೋಗಿ ದೋಣಿ ನೋಡಿ, ಕೂಗಾಡಬೇಡಿ. ನೀವು ಬಣ್ಣ ತರೋಕೆ ಹೋದ ತಕ್ಷಣ ಅದರ ಹಿಂಭಾಗದ ಫೈಬರ್ ಹೊದಿಕೆ ನಾನೇ ಕೊಯ್ದು ತೆಗೆದೆ. ಒಳಗಿನ ಹಲಗೆ ಚಹಾದಲ್ಲಿ ಅದ್ದಿದ ರಸ್ಕ್ ಥರ ಬೆರಳಿಗೇ ಕಿತ್ತು ಬರ್ತಿದೆ. ಇಂಜಿನ್ ಕೂರಿಸೋದು ಅದರ ಮೇಲೇ ಅಲ್ವಾ?

ನೀರು ಒಳಗೆ ಎಲ್ಲಿಂದ ಹೋಯ್ತು ಅಂತ ತಲೆ ಕೆಡಿಸಿಕೊಂಡಿದ್ರಲ್ಲ, ಸಾಲಾಗಿರೋ ತೂತು ನೋಡಿ. ಪ್ರತಿ ಆಯುಧಪೂಜೆಗೂ ಹಾರ ಕಟ್ಟೋಕೆ ನೀವು ಹೊಡೆದ ಮೊಳೆ, ಮಾರಾಯ್ರೆ!

ಮೇಲಿನ ಡೆಕ್ ಚೆನ್ನಾಗೇ ಮಾಡಿದೀರಿ, ಇಲ್ಲ ಅನ್ನಲ್ಲ. ಆದ್ರೆ ಈ ಕೊಳೆತದ್ದರ ಮೇಲೆ ಫೈಬರ್ ಮೆತ್ತಿ, ನಾಳೆ ಪಾಪುನ ಕೂರಿಸ್ಕೊಂಡು ಹೊಳೆಗೆ ಇಳಿಸ್ತೀನಿ ಅಂತೀರಲ್ಲ, ನಡುನೀರಲ್ಲಿ ಇಂಜಿನ್ ಕಿತ್ಕೊಂಡು ಹೋದ್ರೆ ಏನ್ರೀ ಗತಿ? ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಕೈ ಮುಗೀತೀನಿ, ಹೊಸ ಹಲಗೆ ಹಾಕೋವರೆಗೂ ಅದನ್ನ ಮುಚ್ಚಬೇಡಿ.

ಹಲಗೆ ತರೋಕೇ ಭದ್ರಾವತಿಗೆ, ನ್ಯೂ ಟೌನಿನ ಅಣ್ಣನ ಮನೆಗೆ ಹೊರಟೆ. ಹಾಲು ಕಾಯಿಸಿಡಿ, ಸಂಜೆ ಬರ್ತೀನಿ.

ಫೈಬರ್ ಮೆತ್ತೋ ರೆಸಿನ್ ಅಂಟು ಗಟ್ಟಿಯಾಗೋಕೆ ಬೆರೆಸೋ ಹಾರ್ಡನರ್ ಬಾಟ್ಲಿ ಹುಡುಕಬೇಡಿ. ಅದು ನನ್ನ ಬ್ಯಾಗಲ್ಲಿದೆ. ಪಾಪುನೂ ಕರ್ಕೊಂಡು ಹೋಗ್ತಿದೀನಿ.

ರಶ್ಮಿ