ಚೀಟಿಯಲ್ಲಿ ಬರೆದ ಪದ

ಶಿಕಾರಿಪುರ
12-8-1958

ಅಕ್ಕಿ ಗಿರಣಿಯ ವಿಚಾರಣಾಧಿಕಾರಿಗಳಿಗೆ ಗೋಡೌನ್ ಗುಮಾಸ್ತನ ನಮಸ್ಕಾರಗಳು.

ರಾಜೀನಾಮೆ ಕೊಟ್ಟು ತಿಂಗಳ ನೋಟೀಸಿನಲ್ಲಿದ್ದೇನೆ. ಇನ್ನು ಹನ್ನೊಂದು ದಿನ ಉಳಿದಿವೆ. ಈಗ ಗೋಡೌನಿನ ಮಾಲಿನ ಚೀಟಿಗಳಲ್ಲಿ ಹೊಸ ಮ್ಯಾನೇಜರರ ರುಜುವಿನ ಕೆಳಗೆ ‘ಹುಚ್ಚ’ ಎಂದು ಬರೆದೆನೆಂದು ವಿಚಾರಣೆ ಇಟ್ಟಿದ್ದೀರಿ. ಬರೆದದ್ದು ನಿಜ. ಆದರೆ ಬಿಟ್ಟುಹೋಗುವವನನ್ನೂ ವಿಚಾರಿಸಬಹುದೇ? ದೂರಿನ ನಕಲು ಸಿಗುವುದೇ? ಸೊರಬದ ಹೊಸ ಕೆಲಸಕ್ಕೆ ನಡತೆಯ ಸರ್ಟಿಫಿಕೇಟು ಬೇಕು, ಅದಕ್ಕೇ ಕೇಳುತ್ತಿದ್ದೇನೆ.

ಮ್ಯಾನೇಜರರು ಪರಊರಿನವರು. ಬಂದಾಗಿನಿಂದ ನನ್ನನ್ನು “ಏನ್ರೀ ಗುಮಾಸ್ತರೇ” ಎಂದೇ ಕರೆಯುತ್ತಾರೆ. ನಿಮ್ಮ ಆಪಾದನಾ ಪತ್ರದಲ್ಲೂ ‘ಗುಮಾಸ್ತ’ ಎಂದಷ್ಟೇ ಇದೆ.

ಸಾಕ್ಷಿಗೆ ನಮ್ಮವ್ವ ನಿಂಗಮ್ಮನನ್ನು ಕರೆತರಬಹುದೇ? ಆ ಪದವನ್ನು ಮೊದಲು ಇಟ್ಟವಳು ಅವಳೇ. “ಊರ ದೇವ್ರ ಹೆಸ್ರಿಟ್ರೆ ತಪ್ಪೇನೈತಿ?” ಎಂದು ಕೇಳುತ್ತಿದ್ದಾಳೆ.

ಹನ್ನೊಂದು ದಿನದ ಮಟ್ಟಿಗೆ ತಮ್ಮ ವಿಧೇಯ,
ಹುಚ್ಚರಾಯಪ್ಪ
(ಚೀಟಿಯಲ್ಲಿ ಜಾಗ ಸಾಲದಿದ್ದರೆ, ಹುಚ್ಚ)