ಸಾಂತಿ ನಂಬಿದ ಕವಿತೆ

೧೪-೩-೧೯೮೪, ಬುಧವಾರ. ಪೋತ್ತನೂರು.

ಇವತ್ತು ಸಾಂತಿಯ ಮುಖ ನೋಡಿ ಹೆದರಿದೆ. 'ಒಂದೇ ಗುಂಡಿಯಲ್ಲಿ ಕೊಳೆಯೋಣ' ಎಂದು ಅವಳಿಗಾಗಿ ಕವಿತೆ ಬರೆದವನು ನಾನು. ತಮಿಳು ಶಾಲೆಯಲ್ಲಿ ಕಲಿತು ಕನ್ನಡ ಓದಲು ಬಾರದ ಅವಳಿಗೆ ಎಷ್ಟೋ ಸಲ ನಾನೇ ಓದಿ ಹೇಳಿದ್ದೆ. ಇಪ್ಪತ್ತೆರಡರ ಕೊಬ್ಬು.

ಸಂಜೆ ಮಗ್ಗದ ಮನೆಯ ಹಿಂದೆ, ಅಳದೆ ಹೇಳಿದಳು: "ಶುಕ್ರವಾರ ಮೆಟ್ಟುಪಾಳ್ಯಂದೋರು ನಿಚ್ಚಯಕ್ಕೆ ಬತ್ತಾರೆ, ಮಾವ. ನೀ ಬರ್ದ ಪಾಟ್ನಂಗೆ ನಾಳೀಕೇ ಇಬ್ರೂ ಒಂದೇ ಗುಂಡೀಗೆ ಹೋಗ್ಬುಡಾಣ."

ನಾನು ನಕ್ಕೆ. "ಅದು ಸುಮ್ನೆ ಬರ್ದದ್ದು, ಸಾಂತಿ."

"ನಾನ್ ಸುಮ್ನೆ ಕೇಳ್ಲಿಲ್ಲ."

ನೇರವಾಗಿ ಅವಳ ಅಣ್ಣ ಶಿವಲಿಂಗಂ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟೆ. ಹೊಡೆದ, ತುಟಿ ಒಡೆದಿದೆ. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಅವಳನ್ನು ಒಬ್ಬಳನ್ನೇ ಬಿಡಬೇಡಿ ಎಂದು ಕೈ ಮುಗಿದು ಬಂದೆ. ಯಾರಾದರೂ ಪಕ್ಕದಲ್ಲಿ ಎಚ್ಚರವಾಗಿರುತ್ತಾರೆ, ಅಲ್ಲವೇ? ಕೂರಲಾಗುತ್ತಿಲ್ಲ. ಇನ್ನೊಮ್ಮೆ ಹೋಗಿ ನೋಡಿ ಬರುತ್ತೇನೆ.